ಎಂಜಿನ್ ಉಳಿಸಿತು, ಬಾಡಿ ನುಂಗಿತು

ಕಾರಿನಲ್ಲಿ ಇಂಧನ ಉಳಿಸುವ ವಿದ್ಯೆ ತಲುಪಿರುವ ಎತ್ತರವನ್ನು ಕಂಡರೆ ಕೈಮುಗಿಯಬೇಕೆನಿಸುತ್ತದೆ. ಹೆಚ್ಚು ಎಳೆತ ಬೇಡವಾದಾಗ ಅರ್ಧದಷ್ಟು ಸಿಲಿಂಡರುಗಳಿಗೆ ರಜೆ ಕೊಡುವ ಎಂಜಿನ್ ಬಂದಿದೆ. ಕೆಂಪು ದೀಪದೆದುರು ನಿಂತೊಡನೆ ತಾನೇ ಆಫ್ ಆಗಿ, ಬ್ರೇಕಿನಿಂದ ಕಾಲೆತ್ತಿದೊಡನೆ ಮತ್ತೆ ಸ್ಟಾರ್ಟ್ ಆಗುವ ವ್ಯವಸ್ಥೆ ಬಂದಿದೆ. ಬ್ರೇಕ್ ಒತ್ತಿದಾಗ ಬರೀ ಬಿಸಿಯಾಗಿ ಹಾಳಾಗುತ್ತಿದ್ದ ಶಕ್ತಿಯನ್ನು ಹಿಡಿದು ಬ್ಯಾಟರಿಗೆ ತುಂಬಿಕೊಳ್ಳುವ ಹೈಬ್ರಿಡ್ ಕಾರು 1997ರಲ್ಲೇ ಪ್ರಿಯಸ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಇಳಿದಿದೆ. ಹೀಗೆ ಹನಿ ಹನಿಯಾಗಿ ಉಳಿಸಿದ್ದನ್ನೆಲ್ಲ ಏನು ಮಾಡುವುದೆಂಬ ಪ್ರಶ್ನೆಗೂ ಉದ್ಯಮ ತಡಮಾಡದೆ ಉತ್ತರ ಕಂಡುಕೊಂಡಿತು: ಇನ್ನಷ್ಟು ಭಾರದ ಕಾರು ಮಾಡುವುದು.

ಇದು ಹೊಟ್ಟೆಕಿಚ್ಚಿನ ಮಾತಲ್ಲ, ಲೆಕ್ಕದ ಮಾತು. ಅಮೆರಿಕದಲ್ಲಿ 1980ರಿಂದ 2006ರವರೆಗೆ ಮಾರಾಟವಾದ ವಾಹನಗಳ ಲೆಕ್ಕವನ್ನು ಅರ್ಥಶಾಸ್ತ್ರಜ್ಞ ಕ್ರಿಸ್ಟೋಫರ್ ನಿಟ್ಟೆಲ್ 2011ರಲ್ಲಿ ಪ್ರಕಟಿಸಿದರು. ಆ ಅವಧಿಯಲ್ಲಿ ಸರಾಸರಿ ಮೈಲೇಜ್ ಏರಿದ್ದು ಶೇ 15ರಷ್ಟು. ತೂಕ ಏರಿದ್ದು ಶೇ 26ರಷ್ಟು. ಎಂಜಿನ್ ಶಕ್ತಿ ಏರಿದ್ದು ಶೇ 107ರಷ್ಟು. ತೂಕ ಮತ್ತು ಶಕ್ತಿ 1980ರಲ್ಲಿ ಇದ್ದಷ್ಟೇ ಇದ್ದಿದ್ದರೆ, ಅದೇ ತಂತ್ರಜ್ಞಾನದಿಂದ ಮೈಲೇಜ್ ಹೆಚ್ಚುಕಡಿಮೆ ಶೇ 60ರಷ್ಟು ಏರಬಹುದಿತ್ತಂತೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಮಾತಿಗೆ ಇಷ್ಟು ಕರಾರುವಾಕ್ಕಾದ ಅಂಕಿಅಂಶ ಹಿಂದೆಂದೂ ಸಿಕ್ಕಿರಲಿಕ್ಕಿಲ್ಲ.

ಕೋಣವನ್ನೊಂದೇ ದೂರಿದರೆ ಅನ್ಯಾಯವಾದೀತು, ಏಕೆಂದರೆ ಅದರ ಹಗ್ಗ ಕಾನೂನಿನ ಕೈಯಲ್ಲೇ ಇತ್ತು. ಅಮೆರಿಕದಲ್ಲಿ 2011ರ ಮಾದರಿಗಳಿಂದ ಮೈಲೇಜಿನ ಗುರಿ ನಿಗದಿಯಾಗುವುದು ನಾಲ್ಕು ಚಕ್ರಗಳ ನಡುವಿನ ವಿಸ್ತೀರ್ಣವನ್ನು ನೋಡಿ. ಕಾರು ಅಗಲವಾದಷ್ಟೂ ಗುರಿ ಮೃದು. ಯುರೋಪಿನಲ್ಲಿ ಬಹುಕಾಲ ತೂಕವೇ ಅಳತೆಗೋಲಾಗಿತ್ತು. ಕಂಪನಿಯ ಕಾರುಗಳ ಸರಾಸರಿ ತೂಕ ಹೆಚ್ಚಿದಷ್ಟೂ ಹೊಗೆಯ ಮಿತಿ ಸಡಿಲ. ಇಂಧನ ಉಳಿಸಲೆಂದೇ ಹುಟ್ಟಿದ ಕಾನೂನು ಬೊಜ್ಜಿಗೆ ಇಷ್ಟು ಅಕ್ಕರೆ ತೋರಿದ ಮೇಲೆ, 2023ರಲ್ಲಿ ಜಗತ್ತಿನಲ್ಲಿ ಮಾರಾಟವಾದ ಕಾರುಗಳಲ್ಲಿ ಶೇ 48ರಷ್ಟು ಎಸ್‌ಯುವಿಗಳೇ ಆಗಿದ್ದವೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಹೇಳಿದರೆ ಬೆರಗಾಗುವವರು ಯಾರು?

ಈ ವಾಹನವೊಂದನ್ನು ಹತ್ತಿರದಿಂದ ನೋಡಬೇಕು. ಮುಂಭಾಗದಲ್ಲಿ ಗೋಡೆಯಂತಹ ಗ್ರಿಲ್. ಅದರ ಹಿಂದೆ, ಗಾಳಿ ಒಳನುಗ್ಗಿ ಪ್ರತಿರೋಧ ಹೆಚ್ಚದಿರಲೆಂದು ತಾನಾಗಿ ಮುಚ್ಚಿಕೊಳ್ಳುವ ಪಟ್ಟಿಗಳು. ಅಂದರೆ ಮೊದಲು ಬಾಯಿ ದೊಡ್ಡದು ಮಾಡಿ, ಆಮೇಲೆ ಅದನ್ನು ಮುಚ್ಚಿಸಲು ಮೋಟಾರು ಕೂರಿಸಲಾಗಿದೆ. ಬಾನೆಟ್‌ನ ಕೆಳಗೆ, ಇಂಧನ ಉಳಿಸಲೆಂದು ಕುಗ್ಗಿಸಿ ಟರ್ಬೊ ಜೋಡಿಸಿದ ಎಂಜಿನ್. ಅದು ಮೊದಲಿನಂತೆ ಅಬ್ಬರಿಸುವುದಿಲ್ಲವೆಂದು ಮಾಲೀಕರಿಗೆ ಬೇಸರವಾಗದಿರಲಿ ಎಂದು ಕೆಲವು ಮಾದರಿಗಳಲ್ಲಿ ಗರ್ಜನೆಯನ್ನು ಸ್ಪೀಕರುಗಳ ಮೂಲಕವೇ ಕೇಳಿಸಲಾಗುತ್ತದೆ. ಸಿಗ್ನಲ್ಲಿನಲ್ಲಿ ಎಂಜಿನ್ ನಿಲ್ಲಿಸುವ ವ್ಯವಸ್ಥೆಗೊಂದು ಗುಂಡಿಯಿದ್ದು, ಕಾರು ಹೊರಟೊಡನೆ ಅದನ್ನು ಒತ್ತಿ ವ್ಯವಸ್ಥೆಯನ್ನೇ ಆಫ್ ಮಾಡುವುದು ಎಷ್ಟೋ ಚಾಲಕರಿಗೆ ಸೀಟ್‌ಬೆಲ್ಟ್ ಕಟ್ಟಿಕೊಳ್ಳುವುದಕ್ಕಿಂತ ಚೆನ್ನಾಗಿ ರೂಢಿಯಾಗಿದೆ. ಪೆಟ್ರೋಲಿನ ಶಕ್ತಿಯಲ್ಲಿ ಚಕ್ರದವರೆಗೆ ತಲುಪುವುದೇ ಸುಮಾರು ಕಾಲು ಭಾಗ. ಆ ಕಾಲು ಭಾಗವೂ ಎರಡು ಸಾವಿರ ಕೆಜಿ ಲೋಹ, ಗಾಜು, ಚರ್ಮವನ್ನು ಎಳೆಯುವುದರಲ್ಲಿ ಸವೆದ ಮೇಲೆ, ಒಳಗೆ ಕುಳಿತ ಎಪ್ಪತ್ತು ಕೆಜಿಯ ಮನುಷ್ಯನ ಪಾಲಿಗೆ ಲೀಟರಿಗೆ ಹತ್ತು ಮಿಲಿಲೀಟರ್ ಬಂದರೆ ಅವನ ಪುಣ್ಯ.

ಹಗುರ ಕಾರು ಮಾಡಲು ಬಾರದೆಂದು ಇದೆಲ್ಲ ನಡೆದಿದ್ದರೆ ಕ್ಷಮಿಸಬಹುದಿತ್ತು. 2002ರಲ್ಲಿ ಫೋಕ್ಸ್‌ವ್ಯಾಗನ್ ಮುಖ್ಯಸ್ಥ ಫರ್ಡಿನಾಂಡ್ ಪೀಯೆಖ್ ಸುಮಾರು 290 ಕೆಜಿಯ ಪ್ರಾಯೋಗಿಕ ಕಾರನ್ನು ತಾವೇ ವೋಲ್ಫ್ಸ್‌ಬರ್ಗ್‌ನಿಂದ ಹ್ಯಾಂಬರ್ಗ್‌ಗೆ ಓಡಿಸಿದರು. ನೂರು ಕಿಲೋಮೀಟರಿಗೆ ಖರ್ಚಾದದ್ದು ಒಂದು ಲೀಟರಿಗಿಂತ ಕಡಿಮೆ. ಆ ಸಾಹಸದಿಂದ ಮುಂದೆ ಹುಟ್ಟಿದ ಎಕ್ಸ್‌ಎಲ್1 ಕಾರು ತಯಾರಾದದ್ದು ಸುಮಾರು 250. ಉಳಿದವರಿಗೆಲ್ಲ ಎಸ್‌ಯುವಿ ಪ್ರಾಪ್ತಿಯಾಯಿತು.

ಇನ್ನು ಶೋರೂಮಿನ ಫಲಕದಲ್ಲಿ ಮಿಂಚುವ ಮೈಲೇಜ್. ಯುರೋಪಿನ ಹಳೆಯ ಪರೀಕ್ಷೆಯಲ್ಲಿ ಕಾರು ನಿಂತಲ್ಲಿಂದ ಐವತ್ತು ಕಿಲೋಮೀಟರ್ ವೇಗ ಮುಟ್ಟಲು 26 ಸೆಕೆಂಡುಗಳ ಕಾಲಾವಕಾಶವಿತ್ತು. ಹಾಗೆ ಓಡಿಸಿದರೆ ಹಿಂದಿನವರು ಹಾರ್ನ್ ಹೊಡೆದೇ ಸುಸ್ತಾಗುತ್ತಾರೆ. ಪ್ರಯೋಗಾಲಯದಲ್ಲಾದರೋ ಹಿಂದಿನವರೆಂಬವರೇ ಇಲ್ಲ, ಏಸಿಯೂ ಬಂದ್. ಸಾಲದ್ದಕ್ಕೆ ಬಾಗಿಲಿನ ಸಂದುಗಳಿಗೆ ಟೇಪ್ ಅಂಟಿಸಿ ಪರೀಕ್ಷೆಗೆ ಕೂರಿಸುತ್ತಾರೆಂದು ಪರಿಸರ ಸಂಘಟನೆಗಳು ದೂರಿದ್ದವು. 2017ರಿಂದ ಹೆಚ್ಚು ಕಟ್ಟುನಿಟ್ಟಿನ ಪರೀಕ್ಷೆ ಬಂದಿದೆ, ಫಲಕದ ಮೈಲೇಜಿಗೂ ರಸ್ತೆಯ ಮೈಲೇಜಿಗೂ ನಡುವಿನ ಅಂತರವೂ ತಗ್ಗಿದೆ. ಆದರೆ ಎಂಜಿನ್ನಿನ ಜೊತೆಗೆ ಹೊರಗಿನಿಂದ ಚಾರ್ಜ್ ಮಾಡಬಹುದಾದ ಬ್ಯಾಟರಿಯೂ ಇರುವ ಪ್ಲಗ್-ಇನ್ ಹೈಬ್ರಿಡ್‌ಗಳ ವಿಷಯದಲ್ಲಿ ಕಲ್ಪನಾಶಕ್ತಿ ಮಾತ್ರ ಬತ್ತಲಿಲ್ಲ. ಮಾಲೀಕರು ಪ್ರತಿದಿನ ಶ್ರದ್ಧೆಯಿಂದ ಚಾರ್ಜ್ ಮಾಡಿ ಬಹುಪಾಲು ದೂರವನ್ನು ವಿದ್ಯುತ್ತಿನಲ್ಲೇ ಕ್ರಮಿಸುತ್ತಾರೆಂಬ ನಂಬಿಕೆಯ ಮೇಲೆ ಅವುಗಳ ಅಂಕಿಗಳು ನಿಂತಿದ್ದವು. ರಸ್ತೆಯ ಮೇಲಿನ ಕಾರುಗಳಿಂದಲೇ ಮಾಹಿತಿ ತೆಗೆದು ನೋಡಿದ ಯುರೋಪಿಯನ್ ಆಯೋಗವು, ಅವು ಉಗುಳುವ ಇಂಗಾಲದ ಡೈಆಕ್ಸೈಡ್ ಪ್ರಯೋಗಾಲಯದ ಅಂಕಿಗಿಂತ ಸರಾಸರಿ ಮೂರೂವರೆ ಪಟ್ಟು ಎಂದು 2024ರಲ್ಲಿ ವರದಿ ಮಾಡಿತು. ಲೆಕ್ಕದ ಸೂತ್ರವನ್ನು ವಾಸ್ತವಕ್ಕೆ ಹತ್ತಿರ ತರುವ ತಿದ್ದುಪಡಿ 2025ರಿಂದ ಹಂತಹಂತವಾಗಿ ಜಾರಿಗೆ ಬರುತ್ತಿದ್ದು, ಅದನ್ನು ಕೈಬಿಡಬೇಕೆಂದು ಉದ್ಯಮದ ಸಂಘಗಳು ಈಗ ಗಂಭೀರವಾಗಿಯೇ ಮನವಿ ಮಾಡುತ್ತಿವೆ.