ಸಹಿಯಿಲ್ಲದ ದೊಡ್ಡ ಹೆಸರಿಗಿಂತ ತಾರೀಕು ಇರುವ ಸಾಧಾರಣ ಕತ್ತಿಯೇ ಮೇಲು

ಜಪಾನಿನ ಹಳೇ ಕತ್ತಿ ಸಂಗ್ರಹಿಸೋಕೆ ಹೊರಟವರಿಗೆ ಎಲ್ಲರೂ ಹೇಳುವ ಬುದ್ಧಿಮಾತು ಒಂದಿದೆ: ಸಹಿ (ಕಮ್ಮಾರ ಕೆತ್ತಿದ ಹೆಸರು) ನೋಡಿ ದುಡ್ಡು ಕೊಡಬೇಡ, ಅಲಗು ನೋಡಿ ಕೊಡು. ನಕಲಿ ಸಹಿಗಳು ಅಷ್ಟು ಜಾಸ್ತಿ, ಹಾಗಾಗಿ ಮಾತು ಸರಿಯೇ. ಆದರೆ ಇದನ್ನೇ ಹಿಡಿದುಕೊಂಡು ಜನ ಮಾಡಿದ ತಾರೀಕು ಕೆತ್ತಿರುವ ಕತ್ತಿಗಳನ್ನು ಬಿಟ್ಟು, ದೊಡ್ಡ ಕಮ್ಮಾರನದು ಅಂತ ಹೇಳಲಾಗುವ ಸಹಿಯಿಲ್ಲದ ಕತ್ತಿಗಳ ಹಿಂದೆ ಹೋಗೋದು ನನಗೆ ಒಪ್ಪಿಗೆಯಿಲ್ಲ. ಕೈಯಲ್ಲಿ ದುಡ್ಡು ಕಡಿಮೆ ಇದ್ದರಂತೂ ತಾರೀಕನ್ನೇ ಹುಡುಕಬೇಕು.

ತಾರೀಕು ಇರೋದು ಅಲಗಿನ ಮೇಲಲ್ಲ, ಹಿಡಿಯೊಳಗೆ ಅಡಗಿರುವ ಕಬ್ಬಿಣದ ಮೇಲೆ. ಜಪಾನಿನವರು ಅದನ್ನು ನಾಕಾಗೊ ಅನ್ನುತ್ತಾರೆ. ಬಿದಿರಿನ ಚಿಕ್ಕ ಗೂಟ ಒಂದನ್ನು ತಳ್ಳಿ ತೆಗೆದರೆ ಹಿಡಿ ಕಳಚಿ ಬರುತ್ತದೆ. ಒಳಗಿನ ಕಬ್ಬಿಣ ಹಳೇ ಹುಣಸೆಹಣ್ಣಿನ ಹಾಗೆ ಕಪ್ಪಗಿರುತ್ತದೆ. ಸಾಮಾನ್ಯವಾಗಿ ಒಂದು ಮಗ್ಗುಲಲ್ಲಿ ಕಮ್ಮಾರನ ಊರು, ಹೆಸರು. ಇನ್ನೊಂದು ಮಗ್ಗುಲಲ್ಲಿ ವರ್ಷ, ತಿಂಗಳು. ಟೋಕಿಯೋ ರಾಷ್ಟ್ರೀಯ ಮ್ಯೂಸಿಯಮ್ಮಿನಲ್ಲಿರುವ 'ಕೊರ್ಯು ಕಾಗೆಮಿತ್ಸು' ಕತ್ತಿಯಲ್ಲಿ 'ಬಿಜೆನ್ ನಾಡಿನ ಒಸಾಫುನೆ ವಾಸಿ ಕಾಗೆಮಿತ್ಸು' ಅಂತ ಇದೆ. ಇನ್ನೊಂದು ಮಗ್ಗುಲಲ್ಲಿ ಗೆಂಕೊ ಶಕೆಯ 2ನೇ ವರ್ಷ, 5ನೇ ತಿಂಗಳು; ಜಪಾನಿನವರು ವರ್ಷ ಎಣಿಸುತ್ತಿದ್ದದ್ದು ಹೀಗೆ ಶಕೆಯ ಹೆಸರು ಹಿಡಿದು. ನಮ್ಮ ಲೆಕ್ಕದಲ್ಲಿ 1322.

ತಾರೀಕು ಇರುವ ಹಳೇ ಕತ್ತಿಗಳಲ್ಲಿ ಬಹಳಷ್ಟರ ಮೇಲೆ ಕಾಣುವುದು ಎರಡೇ ತಿಂಗಳು: 2 ಅಥವಾ 8. ಪಕ್ಕದಲ್ಲಿ 'ದಿನ' ಅನ್ನೋ ಅಕ್ಷರ ಇರುತ್ತದೆ, ಎಷ್ಟನೇ ದಿನ ಅಂತ ಇರಲ್ಲ. ಕಾಯಿಸಿದ ಅಲಗನ್ನು ಅದ್ದೋಕೆ ಆ ಕಾಲದ ನೀರೇ ಸರಿ ಎಂಬ ನಂಬಿಕೆ ಇತ್ತು ಅಂತ ವಿವರಣೆ ಕೊಡುತ್ತಾರೆ. ನಿಧಾನವಾಗಿ ಅದೊಂದು ರೂಢಿಯೇ ಆಯಿತು. ಆದ್ದರಿಂದಲೇ ದಿನವನ್ನೂ ಬರೆದ ಕತ್ತಿ ಕಂಡರೆ ಮೈ ಜುಮ್ಮೆನ್ನುತ್ತದೆ. ನಗೋಯಾದ ಟೊಕುಗಾವಾ ಮ್ಯೂಸಿಯಮ್ಮಿನಲ್ಲಿ ರಾಯ್ ಮಾಗೊತಾರೊ ಮಾಡಿದ ಕತ್ತಿ ಇದೆ. ಶೋಓ 5ನೇ ವರ್ಷ, 8ನೇ ತಿಂಗಳ 13ನೇ ದಿನ, ಅಂದರೆ 1292. ಏಳು ಶತಮಾನದ ಹಿಂದಿನ ಒಂದು ದಿನವನ್ನು ಒಬ್ಬ ಕಮ್ಮಾರ ಚಾಣ ಹಿಡಿದು ಬರೆದಿಟ್ಟಿದ್ದಾನೆ!

ತಾರೀಕು ಇರುವ ಕತ್ತಿಗಳು ಕಡಿಮೆ ಉಳಿಯೋಕೆ ಕಾರಣ ಇದೆ. ಕುದುರೆ ಮೇಲೆ ಕೂತು ಹೋರಾಡುವ ಕಾಲದ ಉದ್ದ ಕತ್ತಿಗಳು ಮುಂದಿನ ತಲೆಮಾರಿನವರಿಗೆ ಬೇಡವಾದವು. ಬುಡದ ಕಡೆಯಿಂದ ಕತ್ತರಿಸಿ ಗಿಡ್ಡ ಮಾಡಿಸಿಕೊಂಡರು. ಬುಡದ ಜೊತೆ ಹೆಸರೂ ಹೋಯಿತು, ತಾರೀಕೂ ಹೋಯಿತು. ಕ್ಯೋಟೊದ ಕೆಂಕುನ್ ಗುಡಿಗೆ ಸೇರಿದ 'ಯೊಶಿಮೊತೊ ಸಾಮೊಂಜಿ' ಈ ವಿಷಯದಲ್ಲಿ ವಿಚಿತ್ರ. 1560ರಲ್ಲಿ ಒಕೆಹಜಾಮಾ ಕದನದಲ್ಲಿ ಇಮಾಗಾವಾ ಯೊಶಿಮೊತೊ ಎಂಬ ಪಾಳೇಗಾರನನ್ನು ಸೋಲಿಸಿದ ಇನ್ನೊಬ್ಬ ಪಾಳೇಗಾರ ಓದಾ ನೊಬುನಾಗಾ ಅವನ ಕತ್ತಿಯನ್ನು ತಾನಿಟ್ಟುಕೊಂಡ. ಗಿಡ್ಡ ಮಾಡಿಸಿದ. ಏರೊಕು 3ನೇ ವರ್ಷ, 5ನೇ ತಿಂಗಳ 19ನೇ ದಿನ ಯೊಶಿಮೊತೊನನ್ನು ಕೊಂದಾಗ ಅವನ ಹತ್ತಿರ ಇದ್ದ ಕತ್ತಿ ಇದು ಅಂತ ಚಿನ್ನದಲ್ಲಿ ಬರೆಸಿದ. ಇವತ್ತು ಆ ಕತ್ತಿಯ ಮೇಲೆ ಇರೋದು ಹುಟ್ಟಿದ ದಿನ ಅಲ್ಲ, ಕೈ ಬದಲಾದ ದಿನ.

ಸಹಿಯಿಲ್ಲದ ಕತ್ತಿಗೆ ತಜ್ಞರು ಆಕಾರ, ಉಕ್ಕಿನ ನೆಯ್ಗೆ, ಅಂಚಿನ ಬಿಳಿ ಗೆರೆ ನೋಡಿ ಇಂಥವನದು ಅಂತ ಹೇಳಿ ಪ್ರಮಾಣಪತ್ರ ಕೊಡುತ್ತಾರೆ. ಅವರ ಕಣ್ಣಿನ ಮೇಲೆ ನನಗೆ ತುಂಬಾ ಗೌರವ ಇದೆ. ಆದರೆ ಆ ಕಣ್ಣು ಪಳಗಿದ್ದಾದರೂ ಯಾವುದರಿಂದ? ಸಹಿ, ತಾರೀಕು ಎರಡೂ ಇರುವ ಕತ್ತಿಗಳಿಂದ ತಾನೇ? ಈ ಆಕಾರ ಈ ಕಾಲದ್ದು ಅಂತ ಹೇಳೋಕೆ ಅವೇ ಆಧಾರ. ಸಾಣೆ ಸವೆದು ಅಲಗು ತೆಳ್ಳಗಾಗಿದ್ದರೂ ಅಂಥ ಕತ್ತಿಯ ಬೆಲೆ ನನ್ನ ಮಟ್ಟಿಗೆ ಕಡಿಮೆಯಾಗಲ್ಲ.

ಇನ್ನೊಂದು ರುಚಿ ನೋಡಿ. 1336ರಿಂದ 1392ರವರೆಗೆ ಜಪಾನಿನಲ್ಲಿ ಇಬ್ಬರು ಚಕ್ರವರ್ತಿಗಳು, ಉತ್ತರಕ್ಕೊಂದು ಆಸ್ಥಾನ, ದಕ್ಷಿಣಕ್ಕೊಂದು. ಇಬ್ಬರದೂ ಬೇರೆ ಬೇರೆ ಶಕೆ. ಒಂದೇ ವರ್ಷವನ್ನು ಒಬ್ಬ ಕಮ್ಮಾರ ಉತ್ತರದ ಎಂಬುನ್ ಶಕೆಯಲ್ಲಿ ಬರೆದರೆ ಇನ್ನೊಬ್ಬ ದಕ್ಷಿಣದ ಶೋಹೇ ಶಕೆಯಲ್ಲಿ ಬರೆಯುತ್ತಿದ್ದ. ಹಿಗೊ ನಾಡಿನ ಎಂಜು ಪಂಗಡದ ಕಮ್ಮಾರರು ದಕ್ಷಿಣದ ಶಕೆ ಬಳಸಿದ್ದು ಅಲ್ಲಿನ ಕಿಕುಚಿ ಮನೆತನ ದಕ್ಷಿಣದ ಪಕ್ಷದಲ್ಲಿದ್ದ ಕಾರಣಕ್ಕೆ. ನಾಕಾಗೊ ಮೇಲಿನ ಶಕೆಯ ಎರಡು ಅಕ್ಷರ ಆ ಊರು ಯಾರ ಕಡೆ ಇತ್ತು ಅಂತ ಹೇಳಿಬಿಡುತ್ತದೆ.

ನಕಲಿ ತಾರೀಕೂ ಇರುತ್ತವಲ್ವಾ ಅಂತ ಕೇಳಬಹುದು. ಖಂಡಿತ ಇರುತ್ತವೆ. ಆದರೆ ತಾರೀಕನ್ನು ಪರೀಕ್ಷಿಸೋಕೆ ದಾರಿಗಳಿವೆ. ಓಏ ಶಕೆ ಶುರುವಾಗಿದ್ದು 1394ರ 7ನೇ ತಿಂಗಳಲ್ಲಿ. ಹಾಗಾಗಿ 'ಓಏ 1ನೇ ವರ್ಷ, 2ನೇ ತಿಂಗಳು' ಅಂತ ಕೆತ್ತಿದ್ದರೆ ಅನುಮಾನ ಪಡಲೇಬೇಕು. ಆ ತಿಂಗಳಲ್ಲಿ ಆ ಶಕೆಯ ಹೆಸರೇ ಹುಟ್ಟಿರಲಿಲ್ಲ. ಆಮೇಲೆ ತುಕ್ಕು. ಅಕ್ಷರದ ಗೀರಿನೊಳಗಿನ ತುಕ್ಕೂ ಸುತ್ತಲಿನ ತುಕ್ಕೂ ಒಂದೇ ಬಣ್ಣ ಇರಬೇಕು. ಹಳೇ ತುಕ್ಕನ್ನು ಸೀಳಿಕೊಂಡು ಚಾಣ ಹೋದ ಗುರುತು ಕಂಡರೆ ಅಲ್ಲಿಗೆ ಕೈಬಿಡಿ.

ಆ ತುಕ್ಕನ್ನು ಮುಟ್ಟಬಾರದು. ಹೊಳಪು ಬರಲಿ ಅಂತ ನಾಕಾಗೊ ಉಜ್ಜುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಸೈತಾಮಾ ಪ್ರಾಂತ್ಯದ ಇನಾರಿಯಾಮಾ ಸಮಾಧಿ ದಿಬ್ಬದಲ್ಲಿ 1968ರಲ್ಲಿ ತುಕ್ಕು ಹಿಡಿದ ಕಬ್ಬಿಣದ ಕತ್ತಿಯೊಂದು ಸಿಕ್ಕಿತು. ಹತ್ತು ವರ್ಷ ಯಾರಿಗೂ ಏನೂ ಗೊತ್ತಾಗಲಿಲ್ಲ. 1978ರಲ್ಲಿ ಎಕ್ಸ್-ರೇ ತೆಗೆದಾಗ ತುಕ್ಕಿನಡಿ ಚಿನ್ನದಲ್ಲಿ ಕೂರಿಸಿದ 115 ಅಕ್ಷರ ಕಂಡವು. ಅದರಲ್ಲಿ ಒಂದು ವರ್ಷವೂ ಇತ್ತು. ಹೆಚ್ಚಿನ ವಿದ್ವಾಂಸರು ಅದನ್ನು 471 ಅನ್ನುತ್ತಾರೆ. ಅದಕ್ಕೆ ಮೊದಲು ಯಾರಾದರೂ ಉಪ್ಪುಕಾಗದ ಹಿಡಿದು ಕೂತಿದ್ದರೆ?

ನಮ್ಮವರಿಗೂ ಇದು ದೂರದ ವಿಷಯ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಹೋರಾಡಿದ ಭಾರತೀಯ ಸೈನಿಕರಲ್ಲಿ ಕೊಡಗಿನವರೂ ಇದ್ದರು. 1945ರಲ್ಲಿ ಶರಣಾದ ಜಪಾನಿ ಅಧಿಕಾರಿಗಳು ಕತ್ತಿ ಒಪ್ಪಿಸಿದರು. ಅವುಗಳಲ್ಲಿ ಹೆಚ್ಚಿನವು ಕಾರ್ಖಾನೆಯಲ್ಲಿ ಮಾಡಿದವು. ಆದರೆ ಕೆಲವು ಅಧಿಕಾರಿಗಳು ಮನೆತನದ ಹಳೇ ಅಲಗಿಗೇ ಮಿಲಿಟರಿ ಹಿಡಿ ಹಾಕಿಸಿಕೊಂಡು ಬರುತ್ತಿದ್ದರು. ನಿಮ್ಮ ಅಜ್ಜನ ಟ್ರಂಕಿನಲ್ಲಿ ಅಂಥದ್ದೊಂದು ಇದ್ದರೆ ದಯವಿಟ್ಟು ನಿಂಬೆಹಣ್ಣು, ಬ್ರಾಸೋ ಏನೂ ಹಚ್ಚಬೇಡಿ. ಗೂಟ ಸಲೀಸಾಗಿ ಬಂದರೆ ಮಾತ್ರ ಹಿಡಿ ಬಿಚ್ಚಿ. ಓರೆಯಾಗಿ ಬೆಳಕು ಬಿಟ್ಟು ನಾಕಾಗೊದ ಎರಡೂ ಮಗ್ಗುಲಿನ ಫೋಟೋ ತೆಗೆದು, ಓದಬಲ್ಲವರಿಗೆ ತೋರಿಸಿ.