‘ಸ್ಟ್ರೇಂಜ್ ಫ್ರೂಟ್’ ಹಣ್ಣಿನ ಹಾಡಲ್ಲ: ಒಂದು ಸ್ಪಷ್ಟನೆ

ಅಂಕೋಲಾ, ಕಾರವಾರದ ವಾಟ್ಸಾಪ್ ಗುಂಪುಗಳಲ್ಲಿ ‘ಮಾವಿನ ಮೇಳಕ್ಕೆ ಮಕ್ಕಳು ಹಾಡಬಹುದಾದ ಹಳೆಯ ಹಣ್ಣಿನ ಹಾಡುಗಳು’ ಎಂಬ ಪಟ್ಟಿ ಓಡಾಡುತ್ತಿದೆ. ಅದರಲ್ಲಿ ‘ಸ್ಟ್ರೇಂಜ್ ಫ್ರೂಟ್’ ಕೂಡ ಇದೆ. ಗಾಯಕಿ ಬಿಲ್ಲಿ ಹಾಲಿಡೇ ಹಣ್ಣಿನ ತೋಟಗಳನ್ನು ಹೊಗಳಿ ಬರೆದ ಹಾಡು ಅಂತ ಬರೆದಿದ್ದಾರೆ. ಎರಡೂ ತಪ್ಪು.

ಬರೆದವರು ನ್ಯೂಯಾರ್ಕಿನ ಶಿಕ್ಷಕ ಏಬಲ್ ಮೀರೋಪೋಲ್. 1937ರಲ್ಲಿ ಅದು ಕವಿತೆಯಾಗಿ ಅಚ್ಚಾಯಿತು. ಹಾಲಿಡೇ 1939ರಲ್ಲಿ ಹಾಡಿ ರೆಕಾರ್ಡ್ ಮಾಡಿದರು. ಅಮೆರಿಕದ ದಕ್ಷಿಣದ ಕಡೆ ಬಿಳಿಯರ ಗುಂಪುಗಳು ಕಪ್ಪು ಜನರನ್ನು ಕೊಂದು ಮರಕ್ಕೆ ನೇತುಹಾಕುತ್ತಿದ್ದವು. ಹಾಡಿನ ‘ಹಣ್ಣು’ ಆ ಹೆಣಗಳೇ. ಶುರುವಿನ ಸಾಲುಗಳಲ್ಲೇ ಎಲೆಯ ಮೇಲೆ, ಬೇರಿನಲ್ಲಿ ರಕ್ತ ಇದೆ. ಒಮ್ಮೆ ಸಾಹಿತ್ಯ ಓದಿದರೆ ಸಾಕು, ಗೊತ್ತಾಗುತ್ತದೆ.

ಅಷ್ಟು ನೋವಿನ ಹಾಡನ್ನು ಕರಿ ಇಶಾಡ ಮಾವಿನಹಣ್ಣಿನ ಬುಟ್ಟಿಗಳ ಮುಂದೆ ಮಕ್ಕಳಿಂದ ಹಾಡಿಸುವುದು ಬೇಡ. ದೊಡ್ಡವರು ಕೂತು ಕೇಳಬೇಕಾದ ಹಾಡು ಅದು. ದಯವಿಟ್ಟು ಆ ಪಟ್ಟಿಯನ್ನು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿನಲ್ಲಿ ಈ ಸ್ಪಷ್ಟನೆಯನ್ನೂ ಹಾಕಿ.