ಸತ್ಯಾಂಶ: ಕುದಿಯುವ ನೀರಿಗೆ ಹಾಕಿದರೆ ಹಲ್ಲಿನ ಉಪಕರಣ ಶುದ್ಧವಾಗುತ್ತದೆಯೇ?

"ಹಲ್ಲು ಕೀಳಿಸುವ ಮುನ್ನ ಉಪಕರಣವನ್ನು ಕುದಿಯುವ ನೀರಲ್ಲಿ ಅದ್ದಿಸಿ, ಎಚ್‌ಐವಿ ಬರಲ್ಲ" ಅನ್ನೋ ಮೆಸೇಜ್ ನಿಮಗೂ ಬಂದಿರಬಹುದು. ಇದು ಅರ್ಧ ಸತ್ಯ, ಅದಕ್ಕೇ ಅಪಾಯ ಜಾಸ್ತಿ.

ಎಚ್‌ಐವಿ ದೇಹದ ಹೊರಗೆ ಬೇಗ ದುರ್ಬಲವಾಗುತ್ತದೆ. ನಿಜವಾಗಿ ಹೆದರಬೇಕಾದದ್ದು ಯಕೃತ್ತಿಗೆ (ಲಿವರ್) ಸೋಂಕು ತರುವ ಹೆಪಟೈಟಿಸ್ ಬಿ ವೈರಸ್‌ಗೆ. ಒಣಗಿದ ರಕ್ತದ ಕಲೆಯಲ್ಲೂ ಅದು ಕನಿಷ್ಠ 7 ದಿನ ಬದುಕಿರಬಲ್ಲದು, ಆ ಕಲೆ ನಮ್ಮ ಕಣ್ಣಿಗೆ ಕಾಣದೆಯೂ ಇರಬಹುದು. ಸೋಂಕಿತರ ರಕ್ತವಿದ್ದ ಸೂಜಿ ಚುಚ್ಚಿದಾಗ ಎಚ್‌ಐವಿ ಬರುವ ಸಾಧ್ಯತೆ ಸುಮಾರು ಶೇ. 0.3, ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ಬರುವ ಸಾಧ್ಯತೆ ಶೇ. 6ರಿಂದ 30.

ಕುದಿಯುವ ನೀರು 100 ಡಿಗ್ರಿ ದಾಟುವುದಿಲ್ಲ, ಕೆಲವು ಬ್ಯಾಕ್ಟೀರಿಯಾಗಳ ಬೀಜಕಣಗಳು (ಗಟ್ಟಿ ಕವಚದೊಳಗೆ ಸುಪ್ತವಾಗಿರುವ ರೂಪ) ಅದರಲ್ಲೂ ಉಳಿದುಬಿಡುತ್ತವೆ. ಹಾಗಾಗಿ ಬೇಕಾದದ್ದು ಆಟೋಕ್ಲೇವ್. ನಮ್ಮ ಮನೆಯ ಕುಕ್ಕರ್ ತರಹವೇ ಅದು ಒತ್ತಡದಲ್ಲಿ ಹಬೆ ತುಂಬಿಸಿ 121 ಅಥವಾ 134 ಡಿಗ್ರಿಗೆ ಬಿಸಿ ಮಾಡಿ, ನಿಗದಿತ ಸಮಯ ಹಾಗೆಯೇ ಇಡುತ್ತದೆ. ಅದಕ್ಕೂ ಮೊದಲು ಉಪಕರಣವನ್ನು ಚೆನ್ನಾಗಿ ತೊಳೆಯಲೇಬೇಕು, ಅಂಟಿದ ರಕ್ತದ ಕೆಳಗೆ ಹಬೆ ತಲುಪಲ್ಲ ಅಲ್ವಾ.

ಕ್ಲಿನಿಕ್‌ನಲ್ಲಿ ಸುಮ್ನೆ ಕೂರಬೇಡಿ, ಕೇಳಿ. ಸೀಲ್ ಆದ ಪೊಟ್ಟಣವನ್ನು ನಿಮ್ಮೆದುರೇ ಒಡೆಯುತ್ತಾರಾ? ಆಟೋಕ್ಲೇವ್‌ನ ಬಿಸಿ ತಾಗಿದರೆ ಬಣ್ಣ ಬದಲಿಸುವ ಗುರುತು ಅದರ ಮೇಲಿರುತ್ತದೆ, ಆ ಬಣ್ಣ ಬದಲಾಗಿದೆಯಾ? ಸೂಜಿ ಹೊಸದಾ? ಡ್ರಿಲ್‌ನ ಹಿಡಿಕೆಯನ್ನೂ ಆಟೋಕ್ಲೇವ್ ಮಾಡಿದ್ದಾರಾ? ಬರೀ ಸ್ಪಿರಿಟ್‌ನಲ್ಲಿ ಒರೆಸಿದರೆ ಸಾಲದು. ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಹೆಪಟೈಟಿಸ್ ಬಿಗೆ ಲಸಿಕೆಯೂ ಇದೆ, ದೊಡ್ಡವರೂ ಹಾಕಿಸಿಕೊಳ್ಳಬಹುದು.